ಅತ್ತಿಗೆಯ ಕೈಗೆ ಸಿಕ್ಕ ನನ್ನ ಮುಖ

ನಮ್ಮ ಅತ್ತಿಗೆ ಇರುವವರೆಗೆ ಮೈಸೂರಿನಲ್ಲಿ ನಲವತ್ತೈದು ದಾಟಿದ ಯಾವ ಹೆಂಗಸೂ ನೆಮ್ಮದಿಯಾಗಿ ಕನ್ನಡಿ ನೋಡಿಕೊಳ್ಳುವ ಹಾಗಿಲ್ಲ. ಇದು ಬರೀ ಉತ್ಪ್ರೇಕ್ಷೆ ಎನ್ನುವವರು ಒಂದು ದಿನ ಬೆಳಿಗ್ಗೆ ಅವರ ಜೊತೆ ತರಕಾರಿ ತರಲು ಹೋಗಿ ಬನ್ನಿ. ಸೊಪ್ಪಿನ ಕಂತೆ ಬಿಡಿಸುತ್ತ ಕೂತ ಹೆಂಗಸನ್ನು ಅವರು ಮೊದಲು ಕೇಳುವುದು ದಂಟಿನ ಬೆಲೆಯನ್ನಲ್ಲ. "ಯಾಕಮ್ಮ ಅಷ್ಟು ಬಗ್ಗಿ ಕೂತಿದ್ದೀಯ? ಬೆನ್ನು ನೆಟ್ಟಗೆ ಮಾಡು. ವಯಸ್ಸು ಬರೋದು ಬೆನ್ನಿಂದ, ಮುಖದಿಂದಲ್ಲ ಕಣಮ್ಮ." ಆಕೆ ಗಾಬರಿಯಿಂದ ನೆಟ್ಟಗೆ ಕೂರುತ್ತಾಳೆ. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಪಕ್ಕದ ಅಂಗಡಿಯ ಬದನೆಕಾಯಿ ನೋಡುತ್ತ ನಿಲ್ಲುತ್ತೇನೆ.

ಅತ್ತಿಗೆ ಎಂದರೆ ನನ್ನ ಯಜಮಾನರ ಅಕ್ಕ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತರಾದವರು. ಮದುವೆಯಾಗಲಿಲ್ಲ. ಚಾಮರಾಜಪುರಂನಲ್ಲಿ ಒಬ್ಬರೇ ಇದ್ದಾರೆ. ನಾವಿರುವುದು ವಿದ್ಯಾರಣ್ಯಪುರಂನಲ್ಲಿ. ನಡುವಿನ ದೂರ, ನನ್ನ ದುರದೃಷ್ಟಕ್ಕೆ, ಅವರು ಬೆಳಗಿನ ವಾಕಿಂಗಿನಲ್ಲಿ ಮುಗಿಸಿಬಿಡುವಷ್ಟೇ. ಕಿವಿಯ ಮಟ್ಟಕ್ಕೆ ಕತ್ತರಿಸಿದ ಬಿಳಿ ಕೂದಲು, ಗಂಜಿ ಹಾಕಿದ ಹತ್ತಿ ಸೀರೆ, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ. ರೇಷ್ಮೆ ಸೀರೆಗೂ ಅದೇ ಶೂ. ಮದುವೆ ಮನೆಗಳಲ್ಲಿ ಜನ ಅವರ ಕಾಲು ನೋಡಿ ನನ್ನ ಮುಖ ನೋಡುತ್ತಾರೆ, ನಾನೇ ಹಾಕಿ ಕಳಿಸಿದೆನೋ ಎನ್ನುವ ಹಾಗೆ.

ನನಗೆ ಐವತ್ತು ತುಂಬಿದ ದಿನ ನನ್ನನ್ನು ಸರಿಪಡಿಸುವ ಹೊಣೆ ಅವರು ತಾವಾಗಿಯೇ ವಹಿಸಿಕೊಂಡರು. ಯಾರೂ ಕೇಳಿರಲಿಲ್ಲ. ಕೇಸರಿಬಾತಿನ ತಟ್ಟೆ ಕೈಗೆ ಕೊಟ್ಟರೆ ಅದನ್ನು ಪಕ್ಕಕ್ಕಿಟ್ಟು, ನೇರ ನನ್ನ ಕೋಣೆಗೆ ಹೋಗಿ ಬೀರು ತೆಗೆದರು. ನನ್ನ ರೇಷ್ಮೆ ರವಿಕೆಗಳೆಲ್ಲ ಮಂಚದ ಮೇಲೆ ಬಂದವು.

"ಹಾಕ್ಕೊಂಡು ತೋರ್ಸು."

"ಅತ್ತಿಗೆ, ಅವೆಲ್ಲ ಈಗ ಹಿಡಿಯಲ್ಲ. ಸ್ವಲ್ಪ ಸಣ್ಣ ಆಗ್ಬೇಕು ಅಂತಿದ್ದೀನಿ."

"ಎಷ್ಟು ವರ್ಷದಿಂದ ಅಂತಿದ್ದೀಯ?"

ಉತ್ತರ ಇಬ್ಬರಿಗೂ ಗೊತ್ತಿತ್ತು. "ರವಿಕೆ ನಿನಗೋಸ್ಕರ ಇರೋದು ಕಣೇ, ನೀನು ರವಿಕೆಗೋಸ್ಕರ ಇರೋದಲ್ಲ" ಎಂದು ಅಷ್ಟನ್ನೂ ಚೀಲಕ್ಕೆ ತುಂಬಿ, ನನ್ನನ್ನೂ ಎಳೆದುಕೊಂಡು ದರ್ಜಿಯ ಅಂಗಡಿಗೆ ಹೋದರು. ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಬೇಕೆಂಬುದು ಸರಿಯಾದ ಮಾತೇ ಇರಬಹುದು. ಆದರೆ ನನ್ನ ತೋಳಿನ ಸುತ್ತಳತೆಯನ್ನು, ಆಟದ ಮೈದಾನದ ಆ ತುದಿಯಲ್ಲಿರುವ ಹುಡುಗಿಯರಿಗೆ ಕೇಳಿಸುವ ದನಿಯಲ್ಲಿ, ನಡುಬೀದಿಯಲ್ಲಿ ಸಾರಬೇಕೆ? ಕೊನೆಗೆ ದರ್ಜಿಯೇ ಕನ್ನಡಕ ಸರಿಸಿ ಹೇಳಿದ, "ಮೇಡಂ, ಮೆತ್ತಗೆ ಹೇಳಿದ್ರೂ ಬರ್ಕೋತೀನಿ."

ಇನ್ನು ನನ್ನ ಕ್ರೀಮಿನ ಕಥೆ. ಪೇಪರಿನಲ್ಲಿ ಜಾಹೀರಾತು ನೋಡಿ, ಯಜಮಾನರಿಗೂ ಹೇಳದೆ, ರಾತ್ರಿ ಹಚ್ಚಿಕೊಳ್ಳುವ ಒಂದು ಕ್ರೀಮು ತರಿಸಿದ್ದೆ. ಪುಟ್ಟ ಗಾಜಿನ ಡಬ್ಬಿ. ಬೆರಳ ತುದಿಯಲ್ಲಿ ಮುಟ್ಟಿ ಮುಟ್ಟಿ ಹಚ್ಚುತ್ತಿದ್ದೆ, ಎಲ್ಲಿ ಮುಗಿದುಹೋಗುತ್ತದೋ ಎಂಬ ಭಯ. ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುತ್ತೇನೆ, ಅತ್ತಿಗೆ ವರಾಂಡದಲ್ಲಿ ಕೂತು ತಮ್ಮ ಹಳೇ ವ್ಯಾನಿಟಿ ಬ್ಯಾಗಿಗೆ ಅದನ್ನು ಬಳಿಯುತ್ತಿದ್ದಾರೆ. ಬಟ್ಟೆಯಲ್ಲಿ ಉಜ್ಜಿ ಉಜ್ಜಿ.

"ಒಣಗಿ ಬಿರುಕು ಬಿಟ್ಟ ಚರ್ಮಕ್ಕೆ ಅಂತ ಬರ್ದಿತ್ತು" ಎಂದರು. "ನೋಡು, ಬ್ಯಾಗಿಗೆ ಚೆನ್ನಾಗಿ ಕೆಲಸ ಮಾಡಿದೆ. ನಿನಗೆ ಕೊಬ್ಬರಿ ಎಣ್ಣೆ ಸಾಕು. ಸ್ನಾನದ ಮುಂಚೆ ಹಚ್ಚು, ನೀರು ಕುಡಿ, ಟಿವಿ ಆರಿಸಿ ಹೊತ್ತಿಗೆ ಸರಿಯಾಗಿ ಮಲಗು. ನಮ್ಮ ವಯಸ್ಸಿಗೆ ಇದಕ್ಕಿಂತ ಇನ್ನೇನು ಬೇಕು?"

ನನಗೆ ಏನು ಬೇಕಾಗಿತ್ತೆಂದರೆ ನನ್ನ ಕ್ರೀಮು. ಸಂಜೆ ಯಜಮಾನರ ಹತ್ತಿರ ದೂರು ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಬ್ಯಾಗು ನಿಜವಾಗ್ಲೂ ಹೊಳೀತಿದೆ ಕಣೇ" ಎಂದರು. ಅಕ್ಕನಿಗೆ ತಕ್ಕ ತಮ್ಮ.

ಇಷ್ಟನ್ನೂ ಸಹಿಸಿದೆ. ಆದರೆ ಮಗಳ ಮದುವೆ ಗೊತ್ತಾದ ಮೇಲೆ ಸಹನೆ ಮುಗಿಯಿತು. ಹೆಣ್ಣಿನ ತಾಯಿ ಎಂದರೆ ಎಲ್ಲರ ಕಣ್ಣೂ ಬೀಳುತ್ತದೆ. ಒಂದೇ ಒಂದು ಸಲ, ಸರಿಯಾಗಿ, ದುಡ್ಡು ಕೊಟ್ಟು, ಚೆಂದ ಕಾಣೋಣ ಎನಿಸಿತು. ಇದು ಅಪರಾಧವೆ? ಅತ್ತಿಗೆಯ ಕಣ್ಣಿಗೆ ಬೀಳಬಾರದೆಂದು ನಮ್ಮ ಬಡಾವಣೆಯ ಪಾರ್ಲರ್ ಬಿಟ್ಟು, ದೂರದ ಜಯಲಕ್ಷ್ಮಿಪುರಂಗೆ ಹೋದೆ. ಹೋಗುವ ಮುಂಚೆ ಮಗಳಿಗೆ ಮಾತ್ರ ಹೇಳಿದ್ದೆ. ಸೋದರತ್ತೆ ಬಂದು ಕೇಳಿದ್ದೇ ತಡ ಅವಳು ಬಾಯಿಬಿಟ್ಟಿದ್ದಾಳೆ.

ಪಾರ್ಲರಿನ ಹುಡುಗಿ ನನ್ನನ್ನು ಕುರ್ಚಿಯಲ್ಲಿ ಒರಗಿಸಿ, ದೊಡ್ಡ ದೀಪ ಹಾಕಿ, ನನ್ನ ಮುಖವನ್ನು ಓದತೊಡಗಿದಳು. "ಆಂಟಿ, ಟ್ಯಾನ್ ತುಂಬ ಇದೆ. ಪಿಗ್ಮೆಂಟೇಶನ್ ಇದೆ. ಕಣ್ಣಿನ ಕೆಳಗೆ ಕಪ್ಪು. ಕತ್ತು ಸ್ವಲ್ಪ ಜೋತಿದೆ. ಗೋಲ್ಡ್ ಫೇಶಿಯಲ್ ಮಾಡಿಸಿಬಿಡಿ." ನಾನು ತಪ್ಪಿತಸ್ಥಳಂತೆ ಎಲ್ಲದಕ್ಕೂ ತಲೆಯಾಡಿಸಿದೆ. ಮೊದಲು ಹುಬ್ಬು ಎಂದು ದಾರ ಹಿಡಿದು ಒಂದು ಹುಬ್ಬನ್ನು ತಿದ್ದಿ ಮುಗಿಸಿದಳು. ಅಷ್ಟರಲ್ಲಿ ಗಾಜಿನ ಬಾಗಿಲು ತೆರೆಯಿತು. ಕಣ್ಣು ಬಿಡದೆಯೇ ಆ ಶೂ ಸದ್ದು ಗುರುತಿಸಿದೆ.

"ಏನಮ್ಮ, ಇಷ್ಟು ಹೊತ್ತು ಇವಳಿಗೆ ಏನು ಹೇಳ್ತಿದ್ದೆ?"

"ಸ್ಕಿನ್ ಬಗ್ಗೆ ಹೇಳ್ತಿದ್ದೆ ಮೇಡಂ. ಡ್ಯಾಮೇಜ್ ಆಗಿದೆ."

"ಮನೆಯಿಂದ ಹೊರಟಾಗ ಇವಳು ಚೆನ್ನಾಗೇ ಇದ್ಲು. ಇಲ್ಲಿಗೆ ಬಂದ್ಮೇಲೆ ಕೆಟ್ಟಿದ್ದಾಳೆ. ದುಡ್ಡು ಕೊಟ್ಟು ಬೈಸ್ಕೊಳ್ಳೋಕೆ ನಮಗೇನು ಹುಚ್ಚಾ? ಏಳೇ."

ಏಳಬಾರದಿತ್ತು. ಆದರೆ ಪಕ್ಕದ ಕುರ್ಚಿಯವರು ಮುಖಕ್ಕೆ ಹಸಿರು ಲೇಪ ಹಚ್ಚಿಕೊಂಡೇ ಎದ್ದು ಕೂತು ನೋಡತೊಡಗಿದಾಗ, ಎದ್ದು ಹೊರಗೆ ಬಂದುಬಿಟ್ಟೆ. ಬಸ್ಸಿನಲ್ಲಿ ಕಿಟಕಿಯ ಗಾಜು ನೋಡಿದಾಗ ಗೊತ್ತಾಯಿತು: ಒಂದು ಹುಬ್ಬು ಬಿಲ್ಲಿನ ಹಾಗಿದೆ, ಇನ್ನೊಂದು ಪೊರಕೆಯ ಹಾಗೆ.

ಆ ದಿನ ಮನೆ ಬಾಗಿಲಲ್ಲೇ ನಿಂತು ಮೂವತ್ತು ವರ್ಷದಲ್ಲಿ ಆಡದ ಮಾತು ಆಡಿದೆ. "ಅತ್ತಿಗೆ, ಮದುವೆಗೆ ಬನ್ನಿ, ಹಿರಿಯರಾಗಿ ನಿಂತು ನಡೆಸಿಕೊಡಿ. ಆದ್ರೆ ಇನ್ಮೇಲೆ ನನ್ನ ಮುಖದ ತಂಟೆಗೆ ಬರಬೇಡಿ." ಅವರು "ಆಯ್ತು ಬುಡು" ಎಂದು ಹೊರಟುಹೋದರು. ಮಾರನೆಯ ಬೆಳಿಗ್ಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನೆಮ್ಮದಿಯೇ ಆಯಿತೆಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದೆ.

ಮದುವೆಗೆ ಇನ್ನು ಎರಡು ವಾರವಿದ್ದಾಗ, ಒಂದು ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ನಿಲ್ಲಲಿಲ್ಲ. ಎಡಗಡೆಯಿಂದ ಸೋರಿ ಸೀರೆ ನೆನೆಯಿತು. ಕನ್ನಡಿ ನೋಡಿದೆ. ಎಡಗೆನ್ನೆ ಜೋತುಬಿದ್ದಿತ್ತು, ಬಾಯಿ ಬಲಕ್ಕೆ ಎಳೆದುಕೊಂಡಿತ್ತು, ಎಡಗಣ್ಣು ಮುಚ್ಚಲು ನೋಡಿದರೆ ಮುಚ್ಚದು. ಯಜಮಾನರು ಹೆದರಿ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋದರು. ತಲೆಗೆ ಏನೂ ಆಗಿಲ್ಲ, ಮುಖದ ನರ ಊದಿಕೊಂಡಿದೆ, ಸರಿಹೋಗುತ್ತದೆ, ಆದರೆ ತಿಂಗಳುಗಳು ಹಿಡಿಯಬಹುದು ಎಂದರು ಡಾಕ್ಟರು. ಮಾತ್ರೆ ಕೊಟ್ಟರು, ಕಣ್ಣಿಗೆ ಹನಿ ಕೊಟ್ಟರು. ಮದುವೆ ಮುಂದಕ್ಕೆ ಹಾಕಲು ಯಾರೂ ಒಪ್ಪುತ್ತಿರಲಿಲ್ಲ, ನಾನೂ ಕೇಳಲಿಲ್ಲ.

ಅತ್ತಿಗೆ ಅಂದೇ ಬಂದರು. ನನ್ನೆದುರು ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕುರ್ಚಿ ಎಳೆದುಕೊಂಡು ಕೂತು ನೋಡಿದರು. ಎಣ್ಣೆ ಎನ್ನಲಿಲ್ಲ, ನೀರು ಎನ್ನಲಿಲ್ಲ, ಬೆನ್ನಿನ ಮಾತೂ ಇಲ್ಲ. ನನಗೆ ಅದಕ್ಕೂ ಸಿಟ್ಟು ಬಂತು. ಕೇಳದಿದ್ದಾಗ ಊರಿಗೆಲ್ಲ ಬುದ್ಧಿ ಹೇಳುವವರು, ಈಗ ಬಾಯಿ ಮುಚ್ಚಿಕೊಂಡು ಕೂರುವುದೆ?

"ಏನಾದ್ರೂ ಹೇಳಿ ಅತ್ತಿಗೆ" ಎಂದೆ. ಮಾತು ತೊದಲಿತು.

"ಏನು ಹೇಳ್ಲಿ. ಕಾಫಿ ಕುಡಿದ್ಯಾ?"

ತಾವೇ ಮಾಡಿ ತಂದರು. ಲೋಟದಿಂದ ಕುಡಿಯಲಾಗದೆ ಗಲ್ಲದ ಮೇಲೆ ಇಳಿದಾಗ, ತಮ್ಮ ಸೆರಗನ್ನೇ ಹಿಡಿದು ಒರೆಸಿದರು. ಗಂಜಿ ಹಾಕಿದ ಸೀರೆ, ಗಲ್ಲ ಉರಿಯಿತು. ನಾನು ಅಳುತ್ತ ಹೇಳಿದೆ, ಧಾರೆಗೆ ಹೇಗೋ ತಲೆ ತಗ್ಗಿಸಿ ಕೂರುತ್ತೇನೆ, ಆರತಕ್ಷತೆಯಲ್ಲಿ ಮಾತ್ರ ಸ್ಟೇಜು ಹತ್ತುವುದಿಲ್ಲ, ಈ ಮುಖ ಹೊತ್ತು ಫೋಟೊಗೆ ನಿಲ್ಲುವುದಿಲ್ಲ ಎಂದು.

"ನೀನು ಸ್ಟೇಜ್ ಹತ್ತು" ಎಂದರು. "ಮಿಕ್ಕಿದ್ದು ನಾನು ನೋಡ್ಕೋತೀನಿ."

ಇವರು ಏನು ನೋಡಿಕೊಳ್ಳುತ್ತಾರೆ, ನನ್ನ ಮುಖದ ನರ ಇವರ ಶಾಲೆಯ ಹುಡುಗಿಯೆ, ಸೀಟಿ ಊದಿದರೆ ನೆಟ್ಟಗಾಗಲು? ಆದರೂ ಹತ್ತಿದೆ. ಮಗಳು ಕೈ ಹಿಡಿದಳು, ಇಲ್ಲವೆನ್ನಲಾಗಲಿಲ್ಲ. ಅತ್ತಿಗೆ ನನ್ನ ಎಡಗಡೆ ಅಂಟಿಕೊಂಡು ನಿಂತರು, ಯಾರು ಎಷ್ಟು ಕರೆದರೂ ಕದಲಲಿಲ್ಲ. ಫೋಟೊದವನು "ಅಮ್ಮ, ಸ್ವಲ್ಪ ನಗಿ" ಎಂದಾಗ, "ನೀನು ಫೋಟೊ ತೆಗಿಯಪ್ಪ, ನಗು ನಮ್ಮಿಷ್ಟ" ಎಂದು ಗದರಿದರು. ನಾನು ಯಾರ ಮುಖವನ್ನೂ ನೋಡದೆ ನೇರ ದೀಪವನ್ನೇ ನೋಡುತ್ತ ನಿಂತಿದ್ದೆ.

ಊಟದ ಹೊತ್ತಿಗೆ ನಮ್ಮ ಕಡೆಯ ಒಬ್ಬ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, "ಪಾಪ, ನಿಮ್ಮತ್ತಿಗೆಗೆ ಲಕ್ವ ಹೊಡೀತಂತಲ್ಲ, ಯಾವಾಗ ಕಣಮ್ಮ?" ಎಂದು ಕೇಳಿದರು. ಇನ್ನೊಬ್ಬರೂ ಅದನ್ನೇ ಕೇಳಿದರು. ಬಂಧುಗಳಿಗೆ ಸುದ್ದಿ ಬೇಕು, ಯಾರ ಸುದ್ದಿಯಾದರೇನು ಎಂದು ನನಗೆ ರೇಗಿತು.

ಆಲ್ಬಮ್ ಬಂದ ದಿನ ಮಗಳೂ ಬಂದಿದ್ದಳು. ಹಾಳೆ ತಿರುಗಿಸುತ್ತ ಇದ್ದಕ್ಕಿದ್ದಂತೆ ನಗತೊಡಗಿದಳು. "ಅಮ್ಮ, ಅತ್ತೆ ನೋಡು." ನೋಡಿದೆ. ಅತ್ತಿಗೆಯ ಬಾಯಿ ಬಲಕ್ಕೆ ಎಳೆದುಕೊಂಡಿತ್ತು, ಒಂದು ಕಣ್ಣು ಅಗಲವಾಗಿತ್ತು. ಮುಂದಿನ ಹಾಳೆಯಲ್ಲೂ ಹಾಗೇ. ಅದರ ಮುಂದೆಯೂ. ಮಗಳ ಮದುವೆಯ ಇಡೀ ಆಲ್ಬಮ್ ಕೆಡಿಸಿಬಿಟ್ಟಿದ್ದಾರೆ! ಕೂಡಲೇ ಫೋನು ಮಾಡಿದೆ.

"ಅತ್ತಿಗೆ, ಫೋಟೊದಲ್ಲೆಲ್ಲ ನಿಮ್ಮ ಮೂತಿ ಯಾಕೆ ಸೊಟ್ಟಗಿದೆ?"

"ಹೋಮದ ಹೊಗೆ ಕಣೇ. ಕಣ್ಣಿಗೆ ಹೊಡೀತಿತ್ತು."

"ಆರತಕ್ಷತೇಲಿ ಎಲ್ಲಿಂದ ಬಂತು ಹೋಮ?"

"ಕುಕ್ಕರ್ ಕೂಗ್ತಿದೆ, ಇಡ್ತೀನಿ" ಎಂದರು. ಯಾವ ಕುಕ್ಕರೂ ಕೂಗುತ್ತಿರಲಿಲ್ಲ.

ಮತ್ತೆ ಮೊದಲಿನಿಂದ ಆಲ್ಬಮ್ ತೆಗೆದೆ. ಈ ಸಲ ನಿಧಾನವಾಗಿ. ಧಾರೆಯ ಹೊತ್ತಿನಲ್ಲಿ ಗಂಡಿನ ಕಡೆಯವರ ಜೊತೆ ಅತ್ತಿಗೆ ನಿಂತ ಫೋಟೊ ಇತ್ತು, ತಮ್ಮನ ಜೊತೆಗಿನದು ಇತ್ತು, ಮದುಮಕ್ಕಳಿಗೆ ಅಕ್ಷತೆ ಹಾಕುತ್ತಿರುವುದು ಇತ್ತು. ಅವುಗಳಲ್ಲೆಲ್ಲ ಮುಖ ನೇರವಾಗಿ, ಲಕ್ಷಣವಾಗಿ ಇದೆ. ನನ್ನ ಪಕ್ಕದಲ್ಲಿ ನಿಂತಾಗ ಮಾತ್ರ ಸೊಟ್ಟ. ಆ ಸಂಜೆಯಿಡೀ, ಬಂದವರೆಲ್ಲ ನಮ್ಮಿಬ್ಬರಲ್ಲಿ ನೋಡಿದ್ದು ಅವರ ಮುಖವನ್ನು.

ನನ್ನ ಮುಖ ಈಗ ಮುಕ್ಕಾಲು ಪಾಲು ಸರಿಹೋಗಿದೆ. ನಾವಿಬ್ಬರೂ ಜೊತೆಗಿರುವ ಒಂದು ಫೋಟೊ ದೊಡ್ಡದು ಮಾಡಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ. ಮಗಳು ಬೇಡವೆಂದಳು, ಯಜಮಾನರು ಮೊಳೆ ಹೊಡೆದುಕೊಟ್ಟರು. ಮೊನ್ನೆ ಗ್ಯಾಸ್ ತಂದ ಹೆಂಗಸು ಅದನ್ನು ನೋಡುತ್ತ ನಿಂತು ಕೇಳಿದಳು, "ಅಕ್ಕತಂಗೀರಾ ಅಮ್ಮಾವ್ರೆ? ಮೂತಿ ಒಂದೇ ತರ ಐತೆ."

ಹೌದು ಎಂದೆ.