ಬಕ್ಕೇಶಪ್ಪ ಹೊಗೆಗೆ ಸ್ನಾನ ಮಾಡಿಸಿದ್ದು

"ನೋಡೇ ಕೊಟ್ರಮ್ಮ, ಇನ್ನು ನಮ್ಮ ಭಟ್ಟಿ ಹೊಗಿ ಸ್ನಾನ ಮಾಡ್ಕೊಂಡೇ ಹೊರಗ ಹೋಗ್ತತಿ!" ಎಂದು ಬಕ್ಕೇಶಪ್ಪ ಎದೆಯುಬ್ಬಿಸಿ ಸ್ವಿಚ್ಚು ಒತ್ತಿದ.

ಕೊಟ್ರಮ್ಮ ಯಂತ್ರ ನೋಡಲಿಲ್ಲ, ಗಡಿಯಾರ ನೋಡಿದಳು. ಹತ್ತೂಕಾಲು. ಹನ್ನೊಂದಕ್ಕೆ ಪರಿಸರ ಅಧಿಕಾರಿ ಬರುವವರಿದ್ದರು. ಚಿಮಣಿಯಲ್ಲಿ ಕಪ್ಪು ಹೊಗೆ ಕಂಡರೆ ಭಟ್ಟಿಗೆ ಬೀಗ ಎಂದು ನೋಟೀಸು ಬಂದಾಗಿತ್ತು. ದಾವಣಗೆರೆಯ ಆ ಓಣಿಯಲ್ಲಿ ಅವಳದು ಕೊನೆಯ ಮಂಡಕ್ಕಿ ಭಟ್ಟಿ. ಅವಳ ತಾಯಿ ಕಟ್ಟಿಸಿದ್ದು. ಈಗಲೂ ಆರು ಹೆಂಗಸರು ಅಲ್ಲೇ ದುಡಿದು ಉಣ್ಣುತ್ತಿದ್ದರು. ಮೂರು ದಿನ ಹುಡುಕಿದರೂ ಕೊಟ್ರಮ್ಮನಿಗೆ ಬೇರೆ ದಾರಿ ಸಿಕ್ಕಿರಲಿಲ್ಲ. ಇಲ್ಲದಿದ್ದರೆ, ಗಂಡನ ಹಿಂದಿನ ಯಂತ್ರಗಳ ಗತಿ ಗೊತ್ತಿದ್ದೂ, ಇದಕ್ಕೆ ಹೂಂ ಅನ್ನುತ್ತಿದ್ದಳೇ!

ಮೂರು ಡ್ರಮ್ಮುಗಳನ್ನು ಒಂದರ ಮೇಲೊಂದು ಕೂರಿಸಿದ ಯಂತ್ರ. ಕೆಳಗಿನಿಂದ ಹೊಗೆ ಏರಬೇಕು, ಮೇಲಿನಿಂದ ನೀರು ಸಿಂಪಡಿಸಬೇಕು, ಮಸಿಯೆಲ್ಲ ನೀರಿಗಿಳಿದು ಬರೀ ಗಾಳಿ ತಗಡಿನ ಚಿಮಣಿ ಹತ್ತಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆ ವೆಟ್ ಸ್ಕ್ರಬ್ಬರ್ ಅನ್ನುತ್ತಾರಂತೆ.

"ಹೊಗಿ ಹಂಗೇ ಬರಾಕತ್ತೈತಲ್ರೀ!"

"ಭತ್ತದ ಹೊಟ್ಟಿನ ಹೊಗಿ, ಜಿಡ್ಡು ಜಿಡ್ಡು ಇರ್ತತಿ. ಪಾತ್ರಿ ತಳದ ಮಸಿ ನೀನು ಬರೀ ನೀರಾಗ ತಿಕ್ಕೀಯೇನು?"

ಕೊಟ್ರಮ್ಮ ಬಾಯಿ ತೆರೆಯುವಷ್ಟರಲ್ಲಿ ಅವನು ಒಂದು ಚೀಲ ಅಂಟುವಾಳದ ಪುಡಿಯನ್ನು ಪಂಪಿಗೆ ನೀರು ಕೊಡುವ ತೊಟ್ಟಿಗೆ ಸುರಿದೇ ಬಿಟ್ಟ. ತೊಟ್ಟಿಯಲ್ಲಿದ್ದದ್ದು ನಲ್ಲಿ ನೀರೂ ಅಲ್ಲ. ನಲ್ಲಿ ಬರುವುದು ಎಂಟು ದಿನಕ್ಕೊಮ್ಮೆ. ಅದಕ್ಕೆ ಅಕ್ಕಿ ನೆನೆಸಿದ ಗಂಜಿಯಂಥ ನೀರನ್ನೇ ತುಂಬಿಸಿದ್ದ.

ಹೊಗೆ ನಿಂತಿತು! ಒಂದು ಎಳೆಯೂ ಇಲ್ಲ! ಕೊಟ್ರಮ್ಮ ನಿಂತಲ್ಲೇ ಕೈ ಮುಗಿದಳು.

ಆಮೇಲೆ ಚಿಮಣಿಯ ಬಾಯಲ್ಲಿ ಕುಂಬಳಕಾಯಿ ಗಾತ್ರದ ಗುಳ್ಳೆಯೊಂದು ಮೂಡಿತು. ಒಳಗೆ ಕಪ್ಪು ಹೊಗೆ ಸುತ್ತುತ್ತಿತ್ತು.

"ನೊರಿ ಅಷ್ಟೇ, ಒಡೀತತಿ ಬಿಡು."

ಒಡೆಯಲಿಲ್ಲ. ಗಂಜಿಯ ನೀರು ಬಿಸಿಗೆ ಒಣಗಿ, ಇಸ್ತ್ರಿ ಮಾಡಿದ ಪಂಚೆಯ ಹಾಗೆ ಗರಿಗರಿಯಾಗಿತ್ತು. ಗುಳ್ಳೆ ಪಕ್ಕದ ಮಾಳಿಗೆಗೆ ಬಡಿದು, ಪುಟಿದು, ಓಣಿಗೆ ಇಳಿಯಿತು. ಹಿಂದೆಯೇ ಇನ್ನೊಂದು, ಹತ್ತು, ನೂರು! ಮಂಡಕ್ಕಿ ಜರಡಿ ಹಿಡಿಯುತ್ತಿದ್ದ ದ್ಯಾಮವ್ವ ಪೊರಕೆಯಿಂದ ಒಂದಕ್ಕೆ ಬಾರಿಸಿದಳು. ಅದು ತಿರುಗಿ ಬಂದು ಅವಳಿಗೇ ಬಾರಿಸಿತು. ಎದುರಿನ ಕ್ಷೌರದ ಅಂಗಡಿಯ ಈರಣ್ಣ ಕತ್ತಿಯಿಂದ ಚುಚ್ಚಿದ್ದೇ ತಪ್ಪಾಯಿತು. ಢಬ್! ಕುರ್ಚಿಯಲ್ಲಿ ಕೂತ ಗಿರಾಕಿಯ ಮುಖದ ಬಿಳಿ ನೊರೆ ಕಾಡಿಗೆಯಾಯಿತು.

"ಬಕ್ಕೇಶಣ್ಣ! ಹೊಗಿ ಪಾರ್ಸಲ್ ಮಾಡಿ ಮನಿ ಮನಿಗೆ ಕಳಿಸಾಕತ್ತೀಯೇನು?" ಎಂದು ಈರಣ್ಣ ಅಲ್ಲಿಂದಲೇ ಕೂಗಿದ.

"ರೀ, ಬಂದ್ ಮಾಡ್ರಿ!" ಎಂದು ಕೊಟ್ರಮ್ಮ ಚೀರಿದಳು.

"ಪಂಪು ನಿಲ್ಸಿದ್ರ ಹೊಗಿ ನೆಟ್ಟಗ ಮ್ಯಾಲೆ ಹೋಗ್ತತಿ! ಬೆಂಕಿ ಆರ್ಸಲೇನು?"

ಬೆಂಕಿ ಆರಿದರೆ ಅಕ್ಕಿ ಹುರಿಯುವ ಮರಳು ತಣ್ಣಗಾಗುತ್ತದೆ, ಉಪ್ಪು ಸವರಿಟ್ಟ ಅಕ್ಕಿ ಅರಳುವುದಿಲ್ಲ, ಆ ದಿನದ ದುಡಿಮೆಯೆಲ್ಲ ದನದ ಪಾಲು. ಅತ್ತ ದರಿ, ಇತ್ತ ಪುಲಿ. ಅಷ್ಟರಲ್ಲಿ ಓಣಿಯ ಬಾಯಲ್ಲಿ ಜೀಪು ನಿಂತಿತು.

ಅಧಿಕಾರಿ ಒಬ್ಬ ಹೆಣ್ಣುಮಗಳು. ಹೊಗೆಯ ಕಪ್ಪು ಅಳೆಯುವ ಕಾರ್ಡನ್ನು ಕಣ್ಣಿನ ಮುಂದೆ ಹಿಡಿದು ತಲೆಯೆತ್ತಿದರು. ಹಾಗೇ ನಿಂತರು.

ಬಿಸಿ ಗುಳ್ಳೆಗಳು ಈಗ ಹಾರುತ್ತಿರಲಿಲ್ಲ. ಒಂದಕ್ಕೊಂದು ಅಂಟಿಕೊಂಡು, ಚಿಮಣಿಯ ಬಾಯಿಗೂ ಅಂಟಿಕೊಂಡು, ದ್ರಾಕ್ಷಿ ಗೊಂಚಲಿನ ಹಾಗೆ ಮೇಲಕ್ಕೆ ಬೆಳೆಯುತ್ತಿದ್ದವು. ಚಿಮಣಿ ಕಿರ್ ಎಂದಿತು. ಕಟ್ಟಿದ್ದ ತಂತಿಗಳು ಪಟ್ ಪಟ್ ಎಂದು ಕಿತ್ತುಹೋದವು. ಬಕ್ಕೇಶಪ್ಪ ಓಡಿಹೋಗಿ ಚಿಮಣಿಯನ್ನು ತಬ್ಬಿಕೊಂಡ. ಚಿಮಣಿ ಎದ್ದಿತು, ಜೊತೆಗೆ ಬಕ್ಕೇಶಪ್ಪನೂ ಎದ್ದ!

"ಬಿಡ್ರೀ! ಚಿಮಣಿ ಹೋದ್ರ ಹೋಗ್ಲಿ, ನೀವು ಬಿಡ್ರೀ!"

ಬಿಟ್ಟ. ಚಿಮಣಿ ಗುಳ್ಳೆಗಳ ಗೊಂಚಲಿನ ಜೊತೆ ಆಕಾಶಕ್ಕೆ ಹಾರಿತು, ಅವನು ಮಂಡಕ್ಕಿಯ ರಾಶಿಯೊಳಗೆ ಬಿದ್ದು ಕುತ್ತಿಗೆವರೆಗೆ ಹೂತುಹೋದ. ಉಸಿರಾಡುತ್ತಿದ್ದಾನೆ ಎಂದು ಕಂಡ ಮೇಲೆ ಕೊಟ್ರಮ್ಮ ತಾನೇ ಎರಡು ಕೊಡ ನೀರನ್ನು ಒಲೆಗೆ ಸುರಿದಳು. ಅಕ್ಕಿ ಹೋಯಿತು. ಹೋಗಲಿ. ಮಸಿ ಮೆತ್ತಿದ ಕೈಗಳನ್ನು ಜೋಡಿಸಿ ಅಧಿಕಾರಿಯ ಮುಂದೆ ನಿಂತಾಗ ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಮೇಡಮ್ಮಾರೆ, ಬೀಗ ಹಾಕಬ್ಯಾಡ್ರಿ. ಆರು ಮನಿ ಇದನ್ನ ನಂಬಿ ಅದಾವು."

ಅಧಿಕಾರಿ ಕೈಯಲ್ಲಿದ್ದ ಫಾರಂ ಓದಿದರು. ಆಕಾಶ ನೋಡಿದರು. ಮತ್ತೆ ಫಾರಂ ಓದಿದರು.

"ಚಿಮಣಿಯಿಂದ ಕಪ್ಪು ಹೊಗೆ ಬಂದರೆ ಬೀಗ ಅಂತ ಇದೆಯಮ್ಮಾ. ಇಲ್ಲಿ ಚಿಮಣಿನೇ ಇಲ್ಲ. ನಾನು ಏನನ್ನ ಪರೀಕ್ಷೆ ಮಾಡಲಿ? ಹೊಸದು ಕೂರಿಸಿ, ಆಮೇಲೆ ಬರ್ತೀನಿ."

ಕೊಟ್ರಮ್ಮ ನಂಬಲಾರದೆ ಮೇಲೆ ಬೆರಳು ತೋರಿಸಿದಳು. "ಮತ್ತ... ಅದು?"

ಅಧಿಕಾರಿ ಬೆರಳು ನಾಲಿಗೆಗೆ ತಾಗಿಸಿ ಗಾಳಿಗೆ ಹಿಡಿದರು.

"ಪಡುವಣದ ಕಡೆ ಹೊರಟಿದೆ. ಹೊಳೆ ದಾಟಿದರೆ ಬೇರೆ ಜಿಲ್ಲೆ, ಬೇರೆ ಅಧಿಕಾರಿ. ಬೇಗ ದಾಟಲಿ ಅಂತ ಬೇಡ್ಕೊಳ್ಳಿ."