ಗಲ್ಲಿಗೊಂದು ನಲ್ಲಿ

ಜನರನ್ನು ಒಂದು ಕಡೆ ಸೇರಿಸಿ "ನಿಮ್ಮ ಮಾತು ನೀವೇ ಆಡಿ" ಎಂದು ಹೇಳುವ ಕೆಲಸಕ್ಕೆ ಇಳಿದವರಿಗೆ ನಗು ಹುಡುಕಿಕೊಂಡು ಬೇರೆಲ್ಲೂ ಹೋಗಬೇಕಾಗಿಲ್ಲ. ನಾನು ಹುಟ್ಟಿದ್ದು ಬೀದರ್ ಕಡೆ, ಮದುವೆಯಾಗಿ ವಿಮಾನಪುರಕ್ಕೆ ಬಂದವಳು. ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ಹಲಸೂರಿನ ಒಂದು ಗಲ್ಲಿಗೆ ವಾರಕ್ಕೆರಡು ದಿನ ಹೋಗುತ್ತಿದ್ದೆ. ಅಲ್ಲಿ ಅರ್ಧ ಜನ ರಾಯಚೂರು, ಗುಲ್ಬರ್ಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಇನ್ನರ್ಧ ಹೊಲಿಗೆ ಕೆಲಸದ ಮುಸ್ಲಿಂ ಕುಟುಂಬಗಳು. ಗಲ್ಲಿಯಲ್ಲಿ ನಲ್ಲಿ ಇರಲಿಲ್ಲ. ಕೊಡ ಹಿಡಿದು ದೊಡ್ಡ ರಸ್ತೆ ದಾಟಬೇಕಿತ್ತು.

ಗಾರೆ ಕೆಲಸದ ರಾಯಚೂರಿನ ಹೆಂಗಸೊಬ್ಬಳು ಹೇಳಿದ್ದಳು: "ನೀರಿಗೆ ನಿಂತ್ರ ಕೆಲಸಕ್ಕ ತಡ ಆಗ್ತದ್ರೀ ಅಕ್ಕಾರ. ತಡ ಆದ್ರ ಮೇಸ್ತ್ರಿ ವಾಪಸ್ ಕಳಸ್ತಾನ. ಈ ವಾರದಾಗ ಎರಡು ಸಲ ಹಂಗ ಆತು."

ನೀರು ಸರಬರಾಜಿನ ಕಚೇರಿಯಲ್ಲಿ ವಿಚಾರಿಸಿದೆ. "ಒಬ್ಬೊಬ್ಬರೇ ಬಂದ್ರೆ ಆಗಲ್ಲ, ಸಂಘ ಮಾಡ್ಕೊಂಡು ಬನ್ನಿ" ಎಂದರು. ಹಾಗೆ ಶುರುವಾಯಿತು ನಮ್ಮ ಸಂಘ.

ಕುರ್ಚಿಗಳ ಸಭೆ

ಮೊದಲ ಸಭೆಗೆ ಗಲ್ಲಿಯ ತುದಿಯ ಕೋಣೆಯೊಂದನ್ನು ಬೇಡಿ ಪಡೆದು, ಹದಿನೈದು ಕುರ್ಚಿ ತರಿಸಿ ಸಾಲಾಗಿ ಹಾಕಿಸಿದೆ. ನಾಲ್ಕು ಗಂಟೆಯಾಯಿತು, ನಾಲ್ಕೂವರೆಯಾಯಿತು. ಒಬ್ಬರೂ ಒಳಗೆ ಬರಲಿಲ್ಲ. ಬೇಜಾರಾಗಿ ಬೀಗ ಹಾಕೋಣ ಎಂದು ಹೊರಗೆ ಬಂದರೆ, ಗೋಡೆಗೆ ಒರಗಿ ಮೂವತ್ತು ಹೆಂಗಸರು ಕುಳಿತಿದ್ದಾರೆ.

"ಇಲ್ಲೇನು ಮಾಡ್ತಿದ್ದೀರಿ?" ಎಂದೆ.

"ದೊಡ್ಡವ್ರು ಇನ್ನಾ ಬಂದಿಲ್ಲಲ್ರೀ ಅಕ್ಕಾರ," ಎಂದಳು ಗಾರೆ ಕೆಲಸದವಳು. "ಅವ್ರು ಬಂದು ಕುಂತ ಮ್ಯಾಲೆ ನಮ್ಮನ್ನ ಕರೀತೀರಿ ಅಂತ ಕುಂತೀವಿ."

"ಯಾವ ದೊಡ್ಡವರು?"

"ಕುರ್ಚಿ ಹಾಕೀರಲ್ಲ, ಅವ್ರು."

ಕುರ್ಚಿ ಹಾಕಿದ್ದೇ ನಿಮಗೆ ಎಂದೆ. ಎಲ್ಲರೂ ಎದ್ದು ಒಳಗೆ ಬಂದರು, ಕುರ್ಚಿಗಳ ಸುತ್ತ ಹಾಯ್ದು ಹೋಗಿ ನೆಲದ ಮೇಲೆ ಕುಳಿತರು. ಕರೆದು ಕರೆದು ಸೋತು ನಾನೂ ಅವರ ಪಕ್ಕ ಕುಳಿತೆ. ಅವತ್ತು ಹದಿನೈದು ಕುರ್ಚಿಗಳು ನಮ್ಮ ಮಾತನ್ನು ಬಹಳ ಶ್ರದ್ಧೆಯಿಂದ ಕೇಳಿದವು.

ಒಬ್ಬಳೇ ಮೆಂಬರು

ಸಂಘದ ಪಟ್ಟಿಯಲ್ಲಿ ಹೆಸರು ಬರೆಸಲು ಹೆಂಗಸರು ಹಿಂಜರಿದರು. ಗಲ್ಲಿಯ ಹುಡುಗರನ್ನು ಸೇರಿಸುವುದು ಕಷ್ಟವೇ ಆಗಲಿಲ್ಲ. ಎಂಟು ಜನ ಬಂದರು. ಎಂಟು ಜನಕ್ಕೂ ಅಧ್ಯಕ್ಷರಾಗಬೇಕಿತ್ತು.

"ನಾನೇ ಪ್ರೆಸಿಡೆಂಟ್ ಮಗಾ, ನನ್ ಹತ್ರ ಬೈಕ್ ಇದೆ."

"ಅದು ನಿಮ್ಮಣ್ಣಂದು ಗುರು. ಅವನನ್ನೇ ಕರ್ಕೊಂಡ್ ಬಾ."

ಜಗಳ ಬಿಡಿಸಲು ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ ಎಂದು ನೆನಪಿಗೆ ಬಂದ ಹುದ್ದೆಯನ್ನೆಲ್ಲ ಹಂಚಿದೆ. ಬಾಗಿಲಲ್ಲಿ ಗಲ್ಲಿಯ ದರ್ಜಿಯೊಬ್ಬರ ಮಗಳು ನಿಂತಿದ್ದಳು. ಪಿಯುಸಿ ಮುಗಿಸಿ ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ.

"ಎಲ್ರೂ ಪದಾಧಿಕಾರಿಗಳೇ ಆದ್ರೆ ಮೆಂಬರ್ ಯಾರು ಆಂಟಿ?" ಎಂದಳು. "ನನ್ನ ಬರ್ಕೊಳ್ಳಿ."

"ಬರೀ ಮೆಂಬರಾ?" ಎಂದು ಹುಡುಗರು ನಕ್ಕರು.

ಮುಂದಿನ ವಾರ ಅಧ್ಯಕ್ಷನ ಸಲಹೆ ಬಂತು: ಮೊದಲು ಸಂಘಕ್ಕೊಂದು ಕೇರಂ ಬೋರ್ಡು, ಆಮೇಲೆ ನಲ್ಲಿ. ಎಂಟೂ ಕೈ ಮೇಲೆದ್ದವು. ಹುಡುಗಿ ಕೈ ಎತ್ತಲಿಲ್ಲ.

"ಎಂಟು ಜನ ಒಪ್ಪಿದ್ದೀವಲ್ಲ," ಎಂದ ಅಧ್ಯಕ್ಷ.

"ನೀವೆಲ್ಲ ಪದಾಧಿಕಾರಿಗಳು," ಎಂದಳು ಅವಳು. "ಸಂಘದ ಮೆಂಬರ್‌ಗಳು ಯಾರೂ ಒಪ್ಪಿಲ್ಲ."

ಸಹಿ ಸಂಗ್ರಹ

ನಲ್ಲಿಯ ಅರ್ಜಿಗೆ ಸಹಿ ಹಾಕಿಸುವ ಕೆಲಸವನ್ನು ಅವಳಿಗೇ ಕೊಟ್ಟೆ. ಗಲ್ಲಿಯಲ್ಲಿ ಇದ್ದದ್ದು ಅರವತ್ತು ಮನೆ. ನಾಲ್ಕೇ ದಿನದಲ್ಲಿ ಇನ್ನೂರು ಸಹಿ ತಂದಳು. ಕೆಲವು ಸಹಿಗಳ ಕೆಳಗೆ ದೂರದ ಬೆನ್ಸನ್ ಟೌನ್ ವಿಳಾಸ.

"ಇವರು ಯಾಕೆ ನಮ್ಮ ನಲ್ಲಿಗೆ ಸಹಿ ಹಾಕಿದರು?"

"ಅಂಗಡೀಲಿ ಬಿಲ್ ಪಕ್ಕ ಇಟ್ಟಿದ್ದೆ ಆಂಟಿ. ಸೀರೆ ತಗೊಂಡವ್ರೆಲ್ಲ ಲಕ್ಕಿ ಡ್ರಾ ಅನ್ಕೊಂಡು ಹಾಕ್ಬಿಟ್ರು."

"ಬಹುಮಾನ ಏನು ಅಂತ ಯಾರೂ ಕೇಳಲಿಲ್ವಾ?"

"ಒಬ್ರು ಕೇಳಿದ್ರು. ನಲ್ಲಿ ಅಂದೆ. ಸ್ಟೀಲಾ ಹಿತ್ತಾಳೆನಾ ಅಂದ್ರು."

ಆ ಹಾಳೆಗಳನ್ನು ಹರಿದು ಹಾಕಿ, ಇಬ್ಬರೂ ಮನೆಮನೆಗೆ ಹೋದೆವು. ಈ ಸಲ ಅರವತ್ತು ಸಹಿ ಹಾಕಿಸಲು ಮೂರು ವಾರ ಹಿಡಿಯಿತು.

ಆಫೀಸರ ಮುಂದೆ

ಅರ್ಜಿ ಕೊಡುವ ದಿನ ಮಾತಾಡುವವರು ಯಾರು? ನಾನಂತೂ ಆಡಬಾರದೆಂದು ನಿರ್ಧರಿಸಿದ್ದೆ. ನೀರಿಗೆ ನಿಂತು ಕೂಲಿ ಕಳೆದುಕೊಂಡವಳೇ ಆಡಲಿ ಎಂದು ಎಲ್ಲರೂ ಗಾರೆ ಕೆಲಸದವಳನ್ನು ಮುಂದೆ ತಳ್ಳಿದರು. ಅಷ್ಟರಲ್ಲಿ ಮೇಸ್ತ್ರಿ ಅವಳಿಗೆ, ಇನ್ನೊಂದು ಸಲ ತಡವಾದರೆ ಬರಲೇಬೇಡ ಎಂದಿದ್ದ.

ಹತ್ತು ದಿನ ತಾಲೀಮು ನಡೆಯಿತು. ಆಫೀಸರು ನಾನು. ಈ ಊರಿನ ಕಚೇರಿಗಳಲ್ಲಿ ನನಗೆ ಸಿಕ್ಕಿದವರೆಲ್ಲ ಗದರಿಸಿದವರೇ ಆದ್ದರಿಂದ ನನ್ನ ಆಫೀಸರನೂ ಹಾಗೇ ಆದ. "ಏನಮ್ಮಾ ಇದು, ಸಂತೆ ಅನ್ಕೊಂಡ್ರಾ?" ಎಂದು ಟೇಬಲ್ ಗುದ್ದುತ್ತಿದ್ದೆ. ಅವಳು ಮೊದಮೊದಲು ಬಾಗಿಲ ಕಡೆ ಸರಿದಳು. ಆಮೇಲೆ ನಾನು ಗುದ್ದಿದ ಕೂಡಲೇ ಎದೆಯುಬ್ಬಿಸಿ ನೀರಿನ ಕತೆ, ಮೇಸ್ತ್ರಿಯ ಕತೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳತೊಡಗಿದಳು.

ಕಚೇರಿಯಲ್ಲಿ ಇದ್ದದ್ದು ಹೊಸದಾಗಿ ಬಂದ ತರುಣ ಅಧಿಕಾರಿ. ಎದ್ದು ನಿಂತು, "ಬನ್ನಿ ಅಮ್ಮ, ಕೂತ್ಕೊಳ್ಳಿ. ನೀರು ಕುಡೀತೀರಾ? ನಿಧಾನಕ್ಕೆ ಹೇಳಿ" ಎಂದ.

ಇವಳು ಕುರ್ಚಿಯ ಅಂಚಿನಲ್ಲಿ ಕುಳಿತು ಬಾಯಿ ತೆರೆದಳು. ನನ್ನ ಕಡೆ ನೋಡಿದಳು, ಅವನ ಕಡೆ ನೋಡಿದಳು. ಕೊನೆಗೆ ಕೈ ಮುಗಿದು ಕೇಳಿದಳು:

"ಸಾಹೇಬ್ರ, ಮದ್ಲ ನೀವು ಬೈರಿ. ನಂದು ಅದರ ಮುಂದಿಂದ ಅದ."

ಅವನು ಗಲಿಬಿಲಿಯಾಗಿ, "ಏನಮ್ಮ ಇದು..." ಎಂದ ಮೆಲ್ಲಗೆ.

"ಇಷ್ಟು ಸಾಲಂಗಿಲ್ರೀ. ಅಕ್ಕಾರು ಟೇಬಲ್ ಬಡೀತಿದ್ರು."

ಅಧಿಕಾರಿ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ. ಅವನು ಫೈಲು ಪಕ್ಕಕ್ಕಿಟ್ಟು ಟೇಬಲ್ ಮೇಲೊಂದು ಗುದ್ದಿದ. ಅಷ್ಟೇ ಸಾಕಾಯಿತು. ಐದು ನಿಮಿಷ ಅವಳು ಎಲ್ಲೂ ತಡವರಿಸಲಿಲ್ಲ.

ಅವನು ಅರ್ಜಿಯ ಮೇಲೆ ಬರೆದು ಸಹಿ ಹಾಕಿ, "ನೀವು ಹೇಳೋದು ಸರಿಯಾಗಿದೆ ಅಮ್ಮ. ಈ ತಿಂಗಳೇ ನಲ್ಲಿ ಹಾಕಿಸ್ತೀನಿ" ಎಂದ.

ಅವಳು ನನ್ನ ಕಡೆ ಬಾಗಿ ಪಿಸುಗುಟ್ಟಿದಳು: "ಇದಕ್ಕ ಏನ್ ಅನ್ಬೇಕ್ರೀ ಅಕ್ಕಾರ? ನಾವು ಇಲ್ಲೀತನಾ ಕಲ್ತೇ ಇಲ್ಲ."