ಎಂಟು ತಿಂಗಳ ಗಡ್ಡ

ದೂತನ ಗಡ್ಡಕ್ಕೆ ಎಂಟು ತಿಂಗಳು ತುಂಬಿದ ದಿನವೇ ಅವನ ತಾಯಿ ಮಗನನ್ನು ನೋಡಬೇಕೆಂದು ಹಟ ಹಿಡಿದಳು. ಮಗ ಅವಳ ಮಂಚದ ಪಕ್ಕದಲ್ಲೇ ಕೂತಿದ್ದ.

ದೂತ ಎಂಬುದು ಹೆತ್ತವರಿಟ್ಟ ಹೆಸರಲ್ಲ. ನಾಟಕ ಕಂಪನಿಯಲ್ಲಿ ಇಪ್ಪತ್ತು ವರ್ಷ ಅವನು ಏದುಸಿರು ಬಿಡುತ್ತ ಓಡಿಬಂದು, "ಮಹಾಪ್ರಭು, ಶತ್ರುಸೈನ್ಯ ಕೋಟೆಬಾಗಿಲಿಗೆ ಬಂತು!" ಎಂದು ಹೇಳಿ ಮರೆಯಾಗುತ್ತಿದ್ದ. ರಾಜರು ಬದಲಾದರು, ಪರದೆಯ ಮೇಲಿನ ಕೋಟೆ ಹರಿದು ಹೊಸದು ಬಂತು. ಶತ್ರುಸೈನ್ಯವೂ ಬಾಗಿಲು ದಾಟಲಿಲ್ಲ, ದೂತನೂ ದಾಟಲಿಲ್ಲ. ಕಡೆಗೊಮ್ಮೆ ಮೂಕಿ ಸಿನಿಮಾ ತೆಗೆಯುವವರು ಅವನ ಗುಳಿಬಿದ್ದ ಮುಖ ನೋಡಿ ಭಿಕ್ಷುಕನ ಪಾತ್ರ ಕೊಟ್ಟರು. ಅಂಟಿಸಿದ ಗಡ್ಡ ಬಿಸಿಲಿನಲ್ಲಿ ಗೊತ್ತಾಗಿಬಿಡುತ್ತದೆ, ಸ್ವಂತದ್ದೇ ಬೆಳೆಸು ಎಂದರು. ಒಂದು ಮನೆಯ ಬಾಗಿಲಲ್ಲಿ ನಿಂತು ಕೈಯೊಡ್ಡುವುದು, ಅಷ್ಟೇ ಪಾತ್ರ. ಆದರೆ ಬೆಳ್ಳಿಪರದೆಯ ತುಂಬ ಅವನೊಬ್ಬನದೇ ಮುಖ! ಆ ದೃಶ್ಯ ತೆಗೆಯುವುದು ಇವತ್ತು ಮಧ್ಯಾಹ್ನವೆಂದು ನಿಗದಿಯಾಗಿತ್ತು.

"ಯಾರೋ ಭಿಕ್ಷೆಯವನು ಒಳಗೇ ಬಂದು ಕೂತಿದಾನಲ್ಲೇ," ಎಂದು ತಾಯಿ ಸೊಸೆಗೆ ಹೇಳಿದಳು. "ಏನಾದ್ರೂ ಕೊಟ್ಟು ಕಳಿಸು. ನನ್ನ ಮಗನ್ನ ಕರಿ."

"ಅಮ್ಮಾ, ನಾನೇ ಅಮ್ಮಾ."

"ಹೋಗಯ್ಯಾ. ನನ್ನ ಮಗನ ಕೆನ್ನೆ ನುಣ್ಣಗಿದೆ."

ಇವತ್ತಿನ ದಿನ ಕಳೆದರೆ ಹೆಚ್ಚು ಎಂದು ಡಾಕ್ಟರು ಬೆಳಗ್ಗೆಯೇ ಹೇಳಿ ಹೋಗಿದ್ದರು. ಆ ಸುದ್ದಿ, ತಾಯಿಯ ಹಟ ಎರಡೂ ಎದುರುಮನೆ ಮೇಷ್ಟ್ರಿಗೆ ಮುಟ್ಟದೆ ಇರುತ್ತವೆಯೇ? ನಿವೃತ್ತರಾದ ಮೇಲೆ ಇಡೀ ಬೀದಿಯನ್ನೇ ತರಗತಿ ಮಾಡಿಕೊಂಡಿದ್ದ ಅವರು ಬರುವಾಗಲೇ ಕ್ಷೌರಿಕನನ್ನೂ ಕರೆತಂದಿದ್ದರು.

"ಏನಯ್ಯಾ, ಹೆತ್ತ ತಾಯಿಗಿಂತ ನಿನಗೆ ಕೂದಲು ಹೆಚ್ಚಾಯ್ತಾ?"

"ಮಧ್ಯಾಹ್ನದ ತನಕ ತಡೀರಿ ಮೇಷ್ಟ್ರೇ, ಕಾಲಿಗೆ ಬೀಳ್ತೀನಿ."

"ಶೂಟಿಂಗ್ ಮುಗಿಸ್ಕೊಂಡು ಬರ್ತಾನಂತೆ, ಸ್ವಲ್ಪ ಕಾಯಪ್ಪ ಅಂತ ಯಮನಿಗೆ ಹೇಳ್ಲಾ?"

ದೂತ ತಾಯಿಯ ಕಡೆ ನೋಡಿದ. ಅವಳ ಕಣ್ಣು ಬಾಗಿಲಲ್ಲಿ ಮಗನನ್ನು ಹುಡುಕುತ್ತಿತ್ತು. ಅವನು ಎದ್ದು ಹೋಗಿ ಜಗುಲಿಯ ಮೇಲೆ ಕ್ಷೌರಿಕನ ಮುಂದೆ ಕೂತ. ಮೇಷ್ಟ್ರು ಅವನ ತಲೆ ಹಿಡಿದುಕೊಂಡು "ಬೇಗ, ಬೇಗ" ಎನ್ನುತ್ತ ಕ್ಷೌರಿಕನ ಕೈ ನಡುಗಿಸಿದರು. ಗಡ್ಡದ ಜೊತೆಗೆ ಅಲ್ಲಲ್ಲಿ ಚರ್ಮವೂ ಹೋಯಿತು. ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಕೂದಲನ್ನೆಲ್ಲ ಒಂದು ಕಾಗದದಲ್ಲಿ ಕಟ್ಟಿಟ್ಟಳು.

ರಕ್ತ ಒರೆಸಿಕೊಂಡು ಅವನು ತಾಯಿಯ ಮುಂದೆ ಬಗ್ಗಿದ. ಅವಳು ಬಹಳ ಹೊತ್ತು ನೋಡಿದಳು.

"ಇವನ್ಯಾರೇ? ಆ ಗಡ್ಡದವನೆಲ್ಲಿ? ರಾತ್ರಿಯೆಲ್ಲ ನನ್ನ ಕಾಲು ಒತ್ತುತ್ತಿದ್ದನಲ್ಲ, ಅವನು. ಅವನೇ ಕಣೇ ನನ್ನ ಮಗ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಸೂರು ನೋಡಿದರು.

ಇಲ್ಲಿ ಮಗನ ಪಾತ್ರ ಹೋಯಿತು, ಅಲ್ಲಿ ಭಿಕ್ಷುಕನದಾದರೂ ಉಳಿಯಲಿ ಎಂದು ದೂತ ಕಾಗದದ ಪೊಟ್ಟಣ ಹಿಡಿದು ಶೂಟಿಂಗಿಗೆ ಓಡಿದ. ಬಣ್ಣ ಹಚ್ಚುವವನು ಕನಿಕರದವನು. ಕೂದಲನ್ನೆಲ್ಲ ಬಲೆಬಟ್ಟೆಗೆ ಪೋಣಿಸಿ ಅಚ್ಚುಕಟ್ಟಾದ ಗಡ್ಡ ಮಾಡಿದ. ಆದರೆ ಹಸಿ ಗಾಯಕ್ಕೆ ಅಂಟು ತಾಗಿದ್ದೇ ತಡ, ದೂತ ಕುರ್ಚಿ ಬಿಟ್ಟು ನೆಗೆದ. ನೋಡನೋಡುತ್ತಿದ್ದಂತೆ ಕೆನ್ನೆ ಊದಿಕೊಂಡು ಒಂದು ಕಣ್ಣು ಮುಚ್ಚಿಹೋಯಿತು.

ನಿರ್ದೇಶಕ ಒಮ್ಮೆ ಅವನನ್ನೂ ಒಮ್ಮೆ ಆಕಾಶವನ್ನೂ ನೋಡಿದ. "ಸೂರ್ಯ ನಮ್ಮ ಸಂಬಳದವನಲ್ಲಪ್ಪ. ಆ ಗೇಟಿನವನನ್ನ ಕರೀರಿ."

ಗೇಟು ಕಾಯುವವನ ಮುಖಕ್ಕೆ ಗಡ್ಡ ಹೇಳಿ ಮಾಡಿಸಿದಂತೆ ಕೂತಿತು.

"ಆಹಾ! ಗಡ್ಡ ಅಂದ್ರೆ ಇದು!"

"ಅದು ನನ್ನದು ಸಾರ್," ಎಂದ ದೂತ.

"ಗೊತ್ತಯ್ಯಾ, ಅದಕ್ಕೇ ಚೆನ್ನಾಗಿದೆ. ಏ ಗೇಟಿನವನೇ, ನಾನು ಸಾಕು ಅನ್ನೋ ತನಕ ಮಾಡ್ತಿರು. ನೀನಾಗೇ ನಿಲ್ಲಿಸ್ಬೇಡ."

ಗೇಟಿನವನು ಕೈಯೊಡ್ಡಿದ. ಕ್ಯಾಮೆರಾದ ಹಿಂದೆ ನಿಂತಿದ್ದ ದೂತನ ಕೈಯೂ ತಾನಾಗಿ ಮುಂದೆ ಬಂತು. ನಿರ್ದೇಶಕ ಸಾಕು ಎಂದ. ಎಂಟು ತಿಂಗಳ ಕೆಲಸ ಮುಗಿಯಿತು.

ಅಷ್ಟರಲ್ಲಿ ಮೇಷ್ಟ್ರು ಓಡುತ್ತ ಬಂದರು. "ನಿಮ್ಮಮ್ಮ ಒಂದೇ ಸಮ ಗಡ್ಡದವನು, ಗಡ್ಡದವನು ಅಂತಿದಾರೆ. ಮೇಲುಸಿರು ಬಿಡ್ತಿದಾರೆ. ಹೇಗಾದ್ರೂ ಮಾಡಿ ಗಡ್ಡ ತಗೊಂಡು ಬಾರಯ್ಯಾ!"

ದೂತ ಬಣ್ಣದವನ ಕೈ ಹಿಡಿದುಕೊಂಡ.

"ಈಗ ಕಿತ್ರೆ ಹರಿದುಹೋಗತ್ತೆ. ನಾಳೆ ಇನ್ನೊಂದು ಪಾತ್ರಕ್ಕೂ ಬೇಕಂತೆ," ಎಂದ ಬಣ್ಣದವನು. "ಕಿತ್ತರೂ ನಿನ್ನ ಊದಿದ ಮುಖದಲ್ಲಿ ಎಲ್ಲಿ ಅಂಟಿಸ್ಲಿ ಹೇಳು?"

"ಹಾಗಾದ್ರೆ ಇವನನ್ನೇ ಕರ್ಕೊಂಡು ನಡಿ," ಎಂದು ಮೇಷ್ಟ್ರು ಗೇಟಿನವನ ರಟ್ಟೆ ಹಿಡಿದರು.

ದಾರಿಯಲ್ಲಿ ಗೇಟಿನವನು ಕೇಳಿದ, "ಅಣ್ಣಾ, ಅಲ್ಲಿ ನಾನೇನು ಮಾಡ್ಬೇಕು?"

"ಕಾಲ ಹತ್ರ ಕೂತು ಒತ್ತು. ಎಡಗಾಲು ಮೆತ್ತಗೆ, ಅಲ್ಲಿ ನೋವಿದೆ. ಅಮ್ಮಾ ಅನ್ನು. ಜಾಸ್ತಿ ಮಾತು ಬೇಡ, ನಾನು ಜಾಸ್ತಿ ಮಾತಾಡೋನಲ್ಲ."

"ಅಳ್ಬೇಕಾ?"

ಇಪ್ಪತ್ತು ವರ್ಷ ರಂಗದ ಮೇಲಿದ್ದ ದೂತ, "ಬಂದ್ರೆ ಅಳು," ಎಂದ.

ಗೇಟಿನವನು ಕಾಲು ಮುಟ್ಟಿ "ಅಮ್ಮಾ" ಎನ್ನುತ್ತಲೇ ಮುದುಕಿಯ ಮುಖ ಅರಳಿತು. ಅವಳು ಕೈ ಚಾಚಿ ಗಡ್ಡ ಸವರಿದಳು. "ಎಲ್ಲಿ ಹೋಗಿದ್ಯೋ ಮಗನೇ? ನಿನ್ನ ಹೆಸರು ಊರೆಲ್ಲ ಹೇಳೋ ಹಾಗಾಗ್ಲಿ." ನಟನೆಯ ಗಂಧಗಾಳಿ ಇಲ್ಲದ ಗೇಟಿನವನು ಗಳಗಳನೆ ಅತ್ತುಬಿಟ್ಟ.

"ನೀನು ಒಳಗೆ ಬರ್ಬೇಡ, ಮತ್ತೆ ಗೊಂದಲ ಆಗತ್ತೆ," ಎಂದು ಮೇಷ್ಟ್ರು ದೂತನನ್ನು ಹೊಸ್ತಿಲಲ್ಲೇ ತಡೆದಿದ್ದರು. ಅವನು ಅಲ್ಲೇ ನಿಂತು ನೋಡುತ್ತಿದ್ದ. ತಾಯಿಯ ಕಣ್ಣು ನಿಧಾನವಾಗಿ ಅವನ ಕಡೆ ತಿರುಗಿತು.

"ಬಾಗಿಲಲ್ಲಿ ನಿಂತೋನು ಯಾರೇ? ಪಾಪ, ಮುಖ ನೋಡು. ಹೊಟ್ಟೆಗೆ ಏನಾದ್ರೂ ಬಿದ್ದು ಎಷ್ಟು ದಿನ ಆಯ್ತೋ. ಬರಿಗೈಲಿ ಕಳಿಸ್ಬೇಡ."

ಸೊಸೆ ಅಲುಗಾಡಲಿಲ್ಲ. ಮುದುಕಿ ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು. ಕೊಡು ಎಂಬಂತೆ ದೂತನೇ ತಲೆಯಾಡಿಸಿದ. ಹೆಂಡತಿ ಮಂಚದ ಪಕ್ಕದಲ್ಲಿದ್ದ ಕಿತ್ತಳೆ ಹಣ್ಣು ತಂದಳು. ಅವನು ಎರಡೂ ಕೈ ಒಡ್ಡಿದ. ಬೆರಳು ನಡುಗಬೇಕೆಂದು ಎಂಟು ತಿಂಗಳು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ. ಈಗ ಅವು ತಾವಾಗಿಯೇ ನಡುಗಿದವು.

ತಾಯಿಗೆ ಸಮಾಧಾನವಾಯಿತು. ಕಣ್ಣು ಮುಚ್ಚಿದಳು, ಮತ್ತೆ ತೆರೆಯಲಿಲ್ಲ.

ಮನೆಯಲ್ಲಿ ಅಳು ಎದ್ದಿತು. ಗೇಟಿನವನು ಮಾತ್ರ, ಸಾಕು ಎಂದು ಯಾರೂ ಹೇಳದ್ದರಿಂದ, ಕಾಲು ಒತ್ತುತ್ತಲೇ ಇದ್ದ. ಎಡಗಾಲು ಮೆತ್ತಗೆ.